ಲಿಯೋನ್‌ನ ಊಟದ ಮೇಜಿನಲ್ಲಿ ಇಂಗ್ಲಿಷ್ ಬೇಡ

ಬೆಂಗಳೂರಿನ ಶಾಲೆಯೊಂದರಲ್ಲಿ ಫ್ರೆಂಚ್ ಕಲಿಸುತ್ತೇನೆ. ಬೇಸಿಗೆ ರಜೆಯಲ್ಲಿ ನಮ್ಮ ಹೈಸ್ಕೂಲ್ ಮಕ್ಕಳು ಫ್ರಾನ್ಸಿನ ಲಿಯೋನ್‌ಗೆ ಹೋಗಿ ಅಲ್ಲಿನವರ ಮನೆಗಳಲ್ಲಿ ಉಳಿಯುತ್ತಾರೆ. ಫೆಬ್ರುವರಿಯಲ್ಲಿ ಆ ಮನೆಯ ಮಕ್ಕಳು ಇಲ್ಲಿಗೆ ಬರುತ್ತಾರೆ. ಪೋಷಕರ ಸಭೆಯಲ್ಲಿ ಎಲ್ಲರಿಗೂ ವೀಸಾದ್ದೇ ಚಿಂತೆ. ಅಪ್ಪ ಅಮ್ಮ ಇಬ್ಬರದ್ದೂ ಒಪ್ಪಿಗೆ ಪತ್ರ, 30,000 ಯೂರೋಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆ, ಬೆರಳಚ್ಚು. ಇದೆಲ್ಲ ಓಡಾಟದ ಕೆಲಸ, ಓಡಾಡಿದರೆ ಮುಗಿಯುತ್ತದೆ. ನನಗೆ ನಿಜವಾದ ತಲೆನೋವು ಇಂಗ್ಲಿಷಿನದು.

ನಮ್ಮ ಮಕ್ಕಳ ಇಂಗ್ಲಿಷ್ ಸರಾಗ. ಆ ಮನೆಯ ಹುಡುಗ ಹುಡುಗಿಯರಿಗೂ ಇಂಗ್ಲಿಷ್ ಮಾತಾಡಿ ರೂಢಿಸಿಕೊಳ್ಳುವ ಆಸೆ. ಹಾಗೇ ಬಿಟ್ಟರೆ ಎರಡೇ ದಿನಕ್ಕೆ ಮನೆಯೆಲ್ಲ ಇಂಗ್ಲಿಷ್ ಆಗುತ್ತದೆ, ನಮ್ಮ ಹುಡುಗಿ ‘ಮೆರ್ಸಿ’ ಎಂಬ ಥ್ಯಾಂಕ್ಸ್ ಒಂದನ್ನು ಕಲಿತು ವಿಮಾನ ಹತ್ತುತ್ತಾಳೆ. ಅದಕ್ಕೇ ಪ್ರತಿ ಮನೆಯ ಜೊತೆ ಮೊದಲೇ ಮಾತಾಡಿಕೊಳ್ಳುತ್ತೇನೆ: ಶಾಲೆಗೆ ಹೋಗಿಬರುವ ಮೆಟ್ರೋದಲ್ಲಿ ಇಂಗ್ಲಿಷ್, ಹೊಸಿಲು ದಾಟಿದ ಮೇಲೆ ಫ್ರೆಂಚ್. ಒಂದು ಮನೆಗೆ ನಮ್ಮವರು ಒಬ್ಬರೇ. “ಇಬ್ರೂ ಒಟ್ಟಿಗಿದ್ರೆ ಧೈರ್ಯ ಅಲ್ವಾ ಮ್ಯಾಮ್?” ಎಂದು ಅಮ್ಮಂದಿರು ಪ್ರತಿ ವರ್ಷ ಕೇಳುತ್ತಾರೆ. ಧೈರ್ಯವೇನೋ ಹೌದು, ಆದರೆ ಫ್ರೆಂಚ್ ಬರುವುದಿಲ್ಲ.

ಇನ್ನೊಂದು ಗುಟ್ಟು. ಅಜ್ಜನೋ ಅಜ್ಜಿಯೋ ಪದೇಪದೇ ಬಂದುಹೋಗುವ ಮನೆ ಸಿಕ್ಕರೆ ಕಣ್ಣುಮುಚ್ಚಿ ಒಪ್ಪಿಕೊಳ್ಳುತ್ತೇನೆ. ಅವರಿಗೆ ಸಾಮಾನ್ಯವಾಗಿ ಇಂಗ್ಲಿಷ್ ಬಾರದು, ಕೂತು ಮಾತಾಡಲು ಪುರುಸೊತ್ತು ಬೇಕಾದಷ್ಟು.

ಲಿಯೋನ್‌ನ ಕ್ರುವಾ-ರೂಸ್ ಗುಡ್ಡದ ಒಂದು ಮನೆಗೆ ಊಟಕ್ಕೆ ನನ್ನನ್ನೂ ಕರೆದಿದ್ದರು. ಮೇ ತಿಂಗಳು, ಎಂಟು ಗಂಟೆಯಾದರೂ ಕಿಟಕಿಯಲ್ಲಿ ಬಿಸಿಲು. ಮೊದಲು ತುರಿದ ಕ್ಯಾರೆಟ್, ಆಮೇಲೆ ಬಿಸಿ ಅಡುಗೆ, ಆಮೇಲೆ ಚೀಸ್, ಕೊನೆಗೆ ಹಣ್ಣು. ಬ್ರೆಡ್ ತುಂಡು ತಟ್ಟೆಯ ಪಕ್ಕ, ನೇರ ಮೇಜಿನ ಮೇಲೆ. ಅಜ್ಜ ರೇಷ್ಮೆಯ ಕಥೆ ತೆಗೆದರು. ಆ ಗುಡ್ಡ ನೇಕಾರರದ್ದು. ನೇಯುವಾಗಲೇ ಚಿತ್ತಾರ ಮೂಡಿಸುವ ಜಕಾರ್ಡ್ ಮಗ್ಗ ಹುಟ್ಟಿದ್ದು ಆ ಊರಿನಲ್ಲೇ, ಎತ್ತರದ ಮಗ್ಗ ಹಿಡಿಯಲೆಂದೇ ಮನೆಗಳಿಗೆ ಅಷ್ಟೆತ್ತರದ ಸೂರು, 1831ರಲ್ಲಿ ಕೂಲಿಗಾಗಿ ನೇಕಾರರು ದಂಗೆಯೆದ್ದಿದ್ದರು. ನಮ್ಮ ಹುಡುಗ ತಲೆಯೆತ್ತಿದ. ಅವನ ತಾತ ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ಹಾಕುವ ರೈತ. ಹಿಪ್ಪುನೇರಳೆಗೆ ಫ್ರೆಂಚಿನಲ್ಲಿ ಏನೆನ್ನಬೇಕೋ ತಿಳಿಯದೆ ಕಾಗದದ ಕರವಸ್ತ್ರದ ಮೇಲೆ ಎಲೆ ಬರೆದ, ಹುಳು ಬರೆದ, ಹುಳು ಗೂಡು ಕಟ್ಟುವ ತಟ್ಟಿ ಚಂದ್ರಂಕಿ ಬರೆದ. ಅಜ್ಜ ಒಂದೊಂದಕ್ಕೂ ಹೆಸರು ಹೇಳಿದರು, ಅವನು ತಿರುಗಿ ಹೇಳಿದ. ಕ್ರಿಯಾಪದಗಳೆಲ್ಲ ಅಡ್ಡಾದಿಡ್ಡಿ, ಆದರೂ ಚೀಸ್ ಬರುವ ಹೊತ್ತಿಗೆ ಅವನ ಕಥೆಯಲ್ಲಿ ಹುಳು ನಾಲ್ಕು ಜ್ವರ (ಪೊರೆ ಬಿಡುವ ಹಂತ) ದಾಟಿ ಗೂಡು ಕಟ್ಟಿತ್ತು. ನಾನು ಬಾಯಿ ಹಾಕಲಿಲ್ಲ. ಮೇಷ್ಟ್ರಿಗೆ ಅದೇ ಕಷ್ಟದ ಕೆಲಸ.

ಮೊದಲ ದಿನಗಳಲ್ಲಿ ಮಕ್ಕಳು ಕಂಗಾಲಾಗುವುದು ಮಾತಿನ ವೇಗಕ್ಕೆ. ನಾನು ಕಲಿಸಿದ ‘ಜ ನ ಸೆ ಪಾ’ (ನನಗೆ ಗೊತ್ತಿಲ್ಲ) ಅಲ್ಲಿ ಬರೀ ‘ಶೆ ಪಾ’ ಆಗಿರುತ್ತದೆ. ಹಾಗಾಗಿ ಹೊರಡುವ ಮುಂಚೆ ಕೆಲವು ವಾಕ್ಯ ಬಾಯಿಪಾಠ ಮಾಡಿಸುತ್ತೇನೆ. ಹೆಚ್ಚು ಕೆಲಸಕ್ಕೆ ಬರುವುದು “ತಾಳಿ, ಯೋಚಿಸ್ತಿದ್ದೀನಿ” ಎಂಬುದು. ಮಗು ಸುಮ್ಮನಾದರೆ ಆ ಮನೆಯ ಅಮ್ಮ ಕನಿಕರದಿಂದ ಇಂಗ್ಲಿಷಿಗೆ ಇಳಿದುಬಿಡುತ್ತಾರೆ.

ಊಟದ ವಿಷಯದಲ್ಲಿ ‘ಸಸ್ಯಾಹಾರಿ’ ಎಂದಷ್ಟೇ ಬರೆದರೆ ಮೀನು ಬಂದೀತು. ಮಾಂಸ, ಕೋಳಿ, ಮೀನು, ಬೇಡವಾದರೆ ಮೊಟ್ಟೆ, ಜಿಲೆಟಿನ್ ಹೀಗೆ ಒಂದೊಂದನ್ನೇ ಬರೆಯಬೇಕು. ಕೋಂತೆಯಂಥ ಚೀಸಿಗೆ ಹಾಲು ಒಡೆಯಲು ಕರುವಿನ ಹೊಟ್ಟೆಯ ರೆನೆಟ್ ಹಾಕುತ್ತಾರೆ. ಇದನ್ನು ಪೋಷಕರಿಗೆ ಮೊದಲೇ ಹೇಳಿಬಿಡುತ್ತೇನೆ, ತಿನ್ನುವುದು ಬಿಡುವುದು ಅವರಿಗೆ ಸೇರಿದ್ದು. ಉಡುಗೊರೆಗೆ ಚನ್ನಪಟ್ಟಣದ ಗೊಂಬೆ, ಕಾಫಿಪುಡಿ ಆಗುತ್ತದೆ. ತುಪ್ಪ ಬೇಡ, ಹೊರಗಿನ ದೇಶಗಳಿಂದ ಹಾಲಿನ ಪದಾರ್ಥ ತರಲು ಐರೋಪ್ಯ ಒಕ್ಕೂಟ ಬಿಡುವುದಿಲ್ಲ.

ಫೆಬ್ರುವರಿಯಲ್ಲಿ ಒಪ್ಪಂದ ತಲೆಕೆಳಗು: ಬೆಂಗಳೂರಿನ ಮನೆಯೊಳಗೆ ಇಂಗ್ಲಿಷ್, ಶಾಲೆಯ ಬಸ್ಸಿನಲ್ಲಿ ಫ್ರೆಂಚ್. ನಮ್ಮ ಅಜ್ಜಿಯರು ಮಾತ್ರ ಇದ್ಯಾವುದಕ್ಕೂ ಸೊಪ್ಪು ಹಾಕುವುದಿಲ್ಲ. ಬಂದವರಿಗೆ ನೇರ ಕನ್ನಡದಲ್ಲೇ “ಇನ್ನೊಂದು ದೋಸೆ ಹಾಕ್ಲಾ ಮರಿ?” ಅನ್ನುತ್ತಾರೆ, ಉತ್ತರಕ್ಕೆ ಕಾಯದೆ ಹಾಕಿಯೂಬಿಡುತ್ತಾರೆ.