ಸರ್ಟಿಫೈಡ್ ಕಾರಿನ ಕೀ ಕೈಗೆ ಬರುವ ಮುನ್ನ

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಟೋಕನ್ ಹಣ ಕೊಡುವ ಮೊದಲು ತೋರುವ ಎಚ್ಚರವನ್ನು ಡೆಲಿವರಿಯ ದಿನ ತೋರುವುದಿಲ್ಲ. ಮೊದಲ ಭೇಟಿಗೆ ಪರಿಚಯದ ಮೆಕ್ಯಾನಿಕ್‌ನನ್ನು ಕರೆದುಕೊಂಡು ಹೋಗಿ, ಬಾನೆಟ್ ಎತ್ತಿಸಿ, ಐದು ಸಾವಿರ ರೂಪಾಯಿಗಾಗಿ ಅರ್ಧ ದಿನ ಚೌಕಾಸಿ ಮಾಡಿದವರೇ ಡೆಲಿವರಿಗೆ ಮನೆಮಂದಿಯೊಡನೆ ಹೊರಟು, ಶೋರೂಮಿನ ದೀಪದ ಬೆಳಕಿನಲ್ಲಿ ಹಾರ ಹಾಕಿಸಿ, ಚಕ್ರದಡಿ ನಿಂಬೆಹಣ್ಣು ಇಡಿಸಿ, ಫೋಟೊ ತೆಗೆಸಿಕೊಂಡು, ಮುಂದಿಟ್ಟ ಕಾಗದಗಳಿಗೆಲ್ಲ ಓದದೆ ಸಹಿ ಹಾಕಿ ಬರುತ್ತಾರೆ. ನಮ್ಮ ಬಡಾವಣೆಯ ನಿವೃತ್ತ ಮೇಷ್ಟರೊಬ್ಬರು ಹೀಗೆಯೇ ಸಂಜೆ ಹೊತ್ತಿನಲ್ಲಿ ತಂದ ಸರ್ಟಿಫೈಡ್ ಕಾರಿನ ಎಡಗಡೆಯ ಎರಡು ಬಾಗಿಲುಗಳ ಬಿಳಿ ಬಣ್ಣ ಉಳಿದ ಭಾಗಕ್ಕಿಂತ ತುಸು ಹಳದಿಗೆ ತಿರುಗಿದ್ದುದು ಮರುದಿನದ ಬಿಸಿಲಿನಲ್ಲಿ ಕಂಡಿತು. ಡಿಕ್ಕಿಯಲ್ಲಿ ಜಾಕಿ ಇರಲಿಲ್ಲ, ಸ್ಟೆಪ್ನಿ ನುಣ್ಣಗೆ ಸವೆದಿತ್ತು, ಬದಲಿಸಿ ಕೊಡುತ್ತೇವೆ ಎಂದಿದ್ದ ಬ್ಯಾಟರಿ ಹಳೆಯದೇ ಆಗಿತ್ತು. ಡೀಲರ್ ಬಳಿ ಹೋದಾಗ ಅವರು ತೋರಿಸಿದ್ದು ‘ವಾಹನವನ್ನು ಪರಿಶೀಲಿಸಿ ತೃಪ್ತಿಕರ ಸ್ಥಿತಿಯಲ್ಲಿ ಪಡೆದಿದ್ದೇನೆ’ ಎಂಬ ಒಕ್ಕಣೆಯ ಕೆಳಗಿದ್ದ ಮೇಷ್ಟರದೇ ಸಹಿಯನ್ನು.

ಟ್ರೂ ವ್ಯಾಲ್ಯೂ, ಎಚ್ ಪ್ರಾಮಿಸ್, ಯು ಟ್ರಸ್ಟ್ ಮೊದಲಾದ ಹೆಸರುಗಳಲ್ಲಿ ಕಾರು ಕಂಪನಿಗಳೇ ನಡೆಸುವ ಯೋಜನೆಗಳಿರಲಿ, ಆನ್‌ಲೈನ್ ಮಾರಾಟಗಾರರದ್ದಿರಲಿ, ಸರ್ಟಿಫೈಡ್ ಎಂದರೆ ಯಾವುದೋ ಒಂದು ದಿನ ಒಬ್ಬ ತಪಾಸಕ ಪಟ್ಟಿ ಹಿಡಿದು ಕಾರನ್ನು ನೋಡಿದ್ದಾನೆ ಮತ್ತು ಕೆಲವು ಭಾಗಗಳಿಗೆ ವಾರಂಟಿ ಇದೆ ಎಂದು ಮಾತ್ರ ತಿಳಿಯಬೇಕು. ಆ ತಪಾಸಣೆಯ ನಂತರ ಕಾರು ವಾರಗಟ್ಟಲೆ ಯಾರ್ಡಿನಲ್ಲಿ ನಿಂತಿರಬಹುದು, ಬ್ಯಾಟರಿ ಇಳಿದಿರಬಹುದು, ಇಲಿ ವೈರು ಕಡಿದಿರಬಹುದು.

ಮೊದಲ ಹಂತ: ಕಾಗದಪತ್ರ

ಇದು ಸುಲಭದ ಕೆಲಸ. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನೋಂದಣಿ ಸಂಖ್ಯೆ ಹಾಕಿ ಎಷ್ಟನೇ ಮಾಲೀಕರು, ಸಾಲದ ಹೈಪೊಥಿಕೇಶನ್ (ಕಾರಿನ ಮೇಲೆ ಸಾಲ ಕೊಟ್ಟವರಿಗಿರುವ ಹಕ್ಕು) ತೆರವಾಗಿದೆಯೇ, ವಿಮೆ ಚಾಲ್ತಿಯಲ್ಲಿದೆಯೇ ಎಂದು ನೋಡಿಕೊಂಡು, ಬಾಕಿ ದಂಡವನ್ನು ಸಂಚಾರ ಪೊಲೀಸರ ಇ-ಚಲನ್ ವ್ಯವಸ್ಥೆಯಲ್ಲಿ ಪರಿಶೀಲಿಸಿದರೆ ಮುಗಿಯಿತು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯಂತೆ ಹಳೆಯ ವಾಹನಗಳ ಡೀಲರ್ ಸಾರಿಗೆ ಇಲಾಖೆಯಿಂದ ಅಧಿಕಾರಪತ್ರ ಪಡೆದಿರಬೇಕು ಮತ್ತು ಮಾಲೀಕರು ವಾಹನವನ್ನು ಡೀಲರ್‌ಗೆ ಒಪ್ಪಿಸಿದ ಮಾಹಿತಿ ಫಾರಂ 29ಸಿ ಮೂಲಕ ದಾಖಲಾಗಿರಬೇಕು. ಆ ಪ್ರತಿಯನ್ನು ಕೇಳಿ ನೋಡಿರಿ. ಬೆಲೆಯ ಬಗ್ಗೆ ಒಂದು ಮಾತು. 2025ರ ಜನವರಿಯಿಂದ ಹಳೆಯ ಕಾರುಗಳಿಗೆ ಶೇ 18ರ ಜಿಎಸ್‌ಟಿ ಇರುವುದು ಡೀಲರ್ ಕೊಂಡ ಬೆಲೆಗೂ ಮಾರುವ ಬೆಲೆಗೂ ನಡುವಿನ ಅಂತರದ ಮೇಲೆ. ಪೂರ್ತಿ ಬೆಲೆಯ ಮೇಲೆ ಶೇ 18 ಸೇರಿಸಿ ಬಿಲ್ ಕೊಡಲು ಬಂದವರಿಗೆ ಲೆಕ್ಕ ಬರೆದು ತೋರಿಸಿ ಎಂದು ಹೇಳಬೇಕು.

ಎರಡನೇ ಹಂತ: ಬಾಯಿಮಾತನ್ನು ಬರಹಕ್ಕಿಳಿಸುವುದು

‘ಸರ್, ಡೆಲಿವರಿ ಹೊತ್ತಿಗೆ ಎಲ್ಲಾ ಮಾಡಿಸಿ ಕೊಡ್ತೀವಿ’ ಎಂಬ ಮಾತಿಗೆ ಬೆಲೆಯಿಲ್ಲ. ಮುಂದಿನ ಎರಡು ಟೈರ್, ಬ್ಯಾಟರಿ, ಬಂಪರ್ ಗೀರು, ಎರಡನೇ ಕೀ, ಸರ್ವಿಸ್, ಹೀಗೆ ಒಪ್ಪಿಕೊಂಡ ಪ್ರತಿಯೊಂದನ್ನೂ ಬುಕಿಂಗ್ ಫಾರಂ ಮೇಲೆಯೇ ಬರೆಸಿ, ಸೀಲು ಹಾಕಿಸಬೇಕು. ಬರೆಯುವಾಗ ‘ಹೊಸ ಟೈರ್’ ಎಂದಷ್ಟೇ ಬರೆಸಿದರೆ ಹೆಸರೇ ಕೇಳದ ಕಂಪನಿಯ ಟೈರು ಬರುತ್ತದೆ. ಬ್ರ್ಯಾಂಡ್ ಮತ್ತು ಅಳತೆ ಎರಡನ್ನೂ ಬರೆಸಿರಿ. ಜೊತೆಗೆ ‘ಎಂಜಿನ್ ವಾಷ್ ಮಾಡಬಾರದು’ ಎಂದು ಒಂದು ಸಾಲು ಸೇರಿಸಿ ಎಂಬುದು ನನ್ನ ಖಡಾಖಂಡಿತ ಸಲಹೆ, ಏಕೆಂದರೆ ತೊಳೆದು ಪಾಲಿಶ್ ಸ್ಪ್ರೇ ಹೊಡೆದ ಎಂಜಿನ್‌ನಲ್ಲಿ ಆಯಿಲ್ ಎಲ್ಲಿಂದ ಜಿನುಗುತ್ತಿದೆ ಎಂಬುದು ವಾರಗಳವರೆಗೆ ಗೊತ್ತಾಗುವುದಿಲ್ಲ. ಆನ್‌ಲೈನ್ ಜಾಹೀರಾತಿನ ಪುಟ, ತಪಾಸಣಾ ವರದಿ, ವಾಟ್ಸ್‌ಆ್ಯಪ್ ಸಂದೇಶಗಳನ್ನು ಅಂದೇ ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳಬೇಕು. ಕಾರು ಮಾರಾಟವಾದೊಡನೆ ಆ ಪುಟ ಮಾಯವಾಗುತ್ತದೆ.

ಸಾಲ ತೆಗೆದುಕೊಳ್ಳುವವರು ಇನ್ನೊಂದನ್ನು ಗಮನಿಸಬೇಕು. ಬ್ಯಾಂಕ್ ಹಣವನ್ನು ನೇರವಾಗಿ ಡೀಲರ್ ಖಾತೆಗೆ ಹಾಕುತ್ತದೆ, ಅದೂ ಬಹಳಷ್ಟು ಸಲ ಡೆಲಿವರಿಗೆ ಮೊದಲೇ. ಪೂರ್ತಿ ಹಣ ತಲುಪಿದ ಮೇಲೆ ನಿಮ್ಮ ದೂರವಾಣಿ ಕರೆಗೆ ಉತ್ತರ ಬರುವ ವೇಗವೇ ಬೇರೆಯಾಗುತ್ತದೆ. ಆದ್ದರಿಂದ ಮುಂದಿನ ಹಂತದ ಪರಿಶೀಲನೆಯನ್ನು ಸಾಲದ ಹಣ ಬಿಡುಗಡೆಗೆ ಒಪ್ಪಿಗೆ ಕೊಡುವ ಮೊದಲು, ನಗದು ವ್ಯವಹಾರವಾದರೆ ಕೊನೆಯ ಕಂತು ಕೊಡುವ ಮೊದಲು ಮುಗಿಸಿರಿ.

ಮೂರನೇ ಹಂತ: ಹಗಲಿನ ಪರಿಶೀಲನೆ

ಜನ ಎಡವುವುದೇ ಇಲ್ಲಿ. ಪೂಜೆಗೆ ಗೋಧೂಳಿ ಮುಹೂರ್ತವೇ ಬೇಕಿದ್ದರೆ ಸಂಜೆಗೇ ಇಟ್ಟುಕೊಳ್ಳಿ, ಆದರೆ ಕಾರು ನೋಡಲು ಅದೇ ದಿನ ಅಥವಾ ಹಿಂದಿನ ದಿನ ಬೆಳಿಗ್ಗೆ ಒಬ್ಬರೇ ಇಲ್ಲವೇ ಮೆಕ್ಯಾನಿಕ್ ಜೊತೆ ಹೋಗಬೇಕು. ಆಯುಧಪೂಜೆಯ ಹಿಂದಿನ ದಿನ ಡೆಲಿವರಿ ಬೇಡವೇ ಬೇಡ. ಅಂದು ಯಾರ್ಡಿನಲ್ಲಿ ಯಾರಿಗೂ ಯಾರ ಮಾತೂ ಕೇಳಿಸುವುದಿಲ್ಲ. ಎಂಜಿನ್ ಸ್ಟಾರ್ಟ್ ಮಾಡದೆ ಇಟ್ಟಿರಲು ಮೊದಲೇ ತಿಳಿಸಿ, ಹೋದೊಡನೆ ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿರಿ. ಬೆಚ್ಚಗಿದ್ದರೆ ಯಾರೋ ನಿಮಗಿಂತ ಮೊದಲು ಎಂಜಿನ್ ಕಾಯಿಸಿ ಇಟ್ಟಿದ್ದಾರೆ, ಹಾಗಿದ್ದಲ್ಲಿ ತಣಿಯುವವರೆಗೆ ಉಳಿದ ಭಾಗಗಳನ್ನು ನೋಡಬಹುದು.

ಕಾರನ್ನು ನೆರಳಿನಿಂದ ಬಿಸಿಲಿಗೆ ತರಿಸಿ, ಒದ್ದೆಯಿದ್ದರೆ ಒರೆಸಿಸಿ. ನೀರು ಗೀರುಗಳನ್ನೂ ಬಣ್ಣದ ವ್ಯತ್ಯಾಸವನ್ನೂ ಮುಚ್ಚುತ್ತದೆ. ಒಂದು ಮೂಲೆಯಲ್ಲಿ ಕುಳಿತು ಕಾರಿನ ಉದ್ದಕ್ಕೂ ಓರೆಯಾಗಿ ಕಣ್ಣು ಹಾಯಿಸಿದಾಗ ಪ್ರತಿಬಿಂಬ ಅಲೆಯಂತೆ ಬಾಗಿದರೆ ಅಲ್ಲಿ ಟಿಂಕರಿಂಗ್ ಮಾಡಿ ಪುಟ್ಟಿ ತುಂಬಿದ್ದಾರೆ. ಮುಂದಿನ ಫೆಂಡರ್ ಮತ್ತು ಬಾನೆಟ್ ಕೀಲಿನ ಬೋಲ್ಟ್‌ಗಳ ಅಂಚಿನ ಬಣ್ಣ ಎದ್ದಿದ್ದರೆ ಪಾನಾ ಹಾಕಿ ಬಿಚ್ಚಲಾಗಿದೆ. ಬಾಗಿಲಿನ ಚೌಕಟ್ಟಿನ ರಬ್ಬರ್ ಬೀಡಿಂಗನ್ನು ಒಂದು ಗೇಣಿನಷ್ಟು ಎಳೆದು ನೋಡಿದರೆ ಕಾರ್ಖಾನೆಯ ಸ್ಪಾಟ್ ವೆಲ್ಡಿಂಗಿನ ದುಂಡು ಗುಳಿಗಳು ಸಮ ಅಂತರದಲ್ಲಿ ಕಾಣಬೇಕು. ಅವು ಕಾಣದೆ ನಯವಾದ ಹೊಸ ಬಣ್ಣ ಕಂಡರೆ ಪಕ್ಕದಿಂದ ಬಿದ್ದ ಪೆಟ್ಟು ಸಣ್ಣದಾಗಿರಲಿಲ್ಲ. ಬಂಪರಿನ ಪುನರ್ಬಣ್ಣ ನಮ್ಮ ರಸ್ತೆಗಳಲ್ಲಿ ಮಾಮೂಲು, ಅದಕ್ಕಾಗಿ ಕಾರನ್ನೇ ತಿರಸ್ಕರಿಸಬೇಕಾಗಿಲ್ಲ.

ಟೈರಿನ ಬದಿಯಲ್ಲಿ ಡಿಒಟಿ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದ ಟೈರು. ಕಪ್ಪು ಪಾಲಿಶ್ ಬಳಿದ ಟೈರು ಎಷ್ಟೇ ಹೊಳೆದರೂ ಈ ಅಂಕಿ ಸುಳ್ಳು ಹೇಳುವುದಿಲ್ಲ. ಐದೂ ಟೈರುಗಳ ಅಂಕಿ ಬರೆದುಕೊಳ್ಳಿರಿ, ಸ್ಟೆಪ್ನಿಯನ್ನು ಮರೆಯಬೇಡಿರಿ.

ಸ್ಟೆಪ್ನಿ ಹೊರತೆಗೆದಾಗ ಅದು ಕೂರುವ ಗುಂಡಿಯನ್ನೂ ನೋಡಬೇಕು, ಏಕೆಂದರೆ ನೆರೆನೀರು ಹೊಕ್ಕ ಕಾರಿನ ಗುಟ್ಟು ಇರುವುದು ಅಲ್ಲಿ ಮತ್ತು ಸೀಟ್ ಬೆಲ್ಟಿನಲ್ಲಿ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ, 2023ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಕಾರುಗಳು ಮುಳುಗಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಬೆಲ್ಟನ್ನು ನಿಧಾನವಾಗಿ ಕೊನೆಯವರೆಗೂ ಎಳೆಯಿರಿ. ಸದಾ ಹೊರಗಿರುವ ಭಾಗವನ್ನು ಶಾಂಪೂ ಹಾಕಿ ತೊಳೆದಿರುತ್ತಾರೆ, ಆದರೆ ಸುರುಳಿಯ ಒಳಗಿನ ಕೊನೆಯ ಒಂದಡಿಯಲ್ಲಿ ಕಂದು ಗೆರೆಯೊಂದು ಅಡ್ಡಲಾಗಿ ಉಳಿದಿದ್ದರೆ, ಬೆರಳಿಗೆ ಒಣ ಕೆಸರಿನ ಪುಡಿ ಹತ್ತಿದರೆ, ನೀರು ಅಲ್ಲಿಯವರೆಗೆ ಏರಿತ್ತು ಎಂದರ್ಥ. ಸೀಟಿನಡಿಯ ಬೋಲ್ಟ್‌ಗಳ ತುಕ್ಕು, ಕಾರ್ಪೆಟ್ ಎತ್ತಿದಾಗ ಬರುವ ಮುಗ್ಗಲು ವಾಸನೆ ಇದನ್ನೇ ಹೇಳುತ್ತವೆ. ಕಾರಿನೊಳಗೆ ತಲೆ ಸುತ್ತುವಷ್ಟು ಪರ್ಫ್ಯೂಮ್ ಹೊಡೆದಿದ್ದರೆ ಗಾಜು ಇಳಿಸಿ, ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಮೂಸಿ ನೋಡಿ. ಹೊಸ ಸೀಟ್ ಕವರ್ ಹಾಕಿದ್ದರೆ ಅದನ್ನು ಬಿಚ್ಚಿ ತೋರಿಸದೆ ಕಾರು ತೆಗೆದುಕೊಳ್ಳಕೂಡದು.

ಓಡೋಮೀಟರ್ ಮೂವತ್ತು ಸಾವಿರ ತೋರಿಸುತ್ತಿದ್ದು ಕ್ಲಚ್ ಪೆಡಲಿನ ರಬ್ಬರ್ ಸವೆದು ಕಬ್ಬಿಣ ಇಣುಕುತ್ತಿದ್ದರೆ ಎರಡರಲ್ಲೊಂದು ಸುಳ್ಳು. ಆ ಕಂಪನಿಯ ಯಾವುದೇ ಸರ್ವಿಸ್ ಸೆಂಟರಿನಲ್ಲಿ ಹಿಂದಿನ ಸರ್ವಿಸ್‌ಗಳ ಕಿಲೋಮೀಟರ್ ದಾಖಲೆ ಸಿಗುವ ಸಾಧ್ಯತೆಯಿದೆ, ಡೀಲರ್ ಮೂಲಕವೇ ಅದನ್ನು ತರಿಸಬೇಕು.

ಈಗ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿಸಿ, ಸಿಲೆನ್ಸರ್ ಹಿಂದೆ ನಿಲ್ಲಿರಿ. ನೀರಿನ ಹನಿ, ತುಸು ಆವಿ ಬಂದರೆ ತಪ್ಪಿಲ್ಲ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ, ಎಂಜಿನ್ ಕಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಸೇರುತ್ತಿರಬಹುದು. ಎ.ಸಿ. ಹಾಕಿ ಹದಿನೈದು ನಿಮಿಷ ನಿಂತಲ್ಲೇ ಓಡಿಸಿ ಬಿಸಿಯ ಮುಳ್ಳು ಏರುತ್ತದೆಯೇ ಎಂದು ನೋಡಿರಿ. ಬಳಿಕ ರಸ್ತೆಗೆ ತೆಗೆದುಕೊಂಡು ಹೋಗಿ ನಾಲ್ಕಾರು ಹಂಪ್‌ಗಳ ಮೇಲೆ ಗಾಜು ಇಳಿಸಿ, ಸ್ಟೀರಿಯೊ ಆರಿಸಿ ನಿಧಾನವಾಗಿ ದಾಟಿದರೆ ಸಸ್ಪೆನ್ಷನ್ ತಾನೇ ಮಾತಾಡುತ್ತದೆ. ಸ್ಟೀರಿಯೊ ಜೋರಾಗಿ ಹಾಕಿ ‘ಸೌಂಡ್ ಹೇಗಿದೆ ನೋಡಿ ಸರ್’ ಎನ್ನುವ ಹುಡುಗನ ಮೇಲೆ ಸಿಟ್ಟಾಗದೆ ಗುಂಡಿ ಒತ್ತಿ ಆರಿಸಿದರಾಯಿತು.

ಮೆಕ್ಯಾನಿಕ್ ಬಳಿ ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷಗಳನ್ನು ಓದುವ ಒಬಿಡಿ ಸ್ಕ್ಯಾನರ್ ಇದ್ದರೆ ದೋಷದ ಕೋಡ್ ಇಲ್ಲ ಎಂಬುದನ್ನು ನೋಡಿ ಸಮಾಧಾನಪಡಬಾರದು. ಕೋಡ್ ಅಳಿಸಿದ ಮೇಲೆ ಕಾರು ಎಷ್ಟು ಕಿಲೋಮೀಟರ್ ಓಡಿದೆ ಎಂಬುದನ್ನೂ ಬಹಳಷ್ಟು ಕಾರುಗಳು ತೋರಿಸುತ್ತವೆ. ಅದು ಹತ್ತೋ ಹನ್ನೆರಡೋ ಕಿಲೋಮೀಟರ್ ಎಂದಿದ್ದರೆ ಯಾವ ಕೋಡನ್ನು, ಏಕೆ ಅಳಿಸಿದಿರಿ ಎಂದು ಕೇಳುವ ಹಕ್ಕು ನಿಮಗಿದೆ. ಮುನ್ನೂರು ರೂಪಾಯಿಯ ಬ್ಲೂಟೂತ್ ಸ್ಕ್ಯಾನರ್‌ಗಳನ್ನು ನಂಬಬೇಡಿರಿ, ಅವುಗಳಲ್ಲಿ ಹಲವು ಅರ್ಧ ಮಾಹಿತಿಯನ್ನೂ ಓದುವುದಿಲ್ಲ. ಹಾಗೆಯೇ ಇದೇ ಹೊತ್ತಿನಲ್ಲಿ ಟೆಫ್ಲಾನ್ ಕೋಟಿಂಗ್, ಅಂಡರ್‌ಬಾಡಿ ಕೋಟಿಂಗ್ ಮಾಡಿಸಿ ಎಂಬ ಒತ್ತಾಯ ಬರುತ್ತದೆ. ಹಳೆಯ ಕಾರಿಗೆ ಅಂಡರ್‌ಬಾಡಿ ಕೋಟಿಂಗ್ ಬಳಿದರೆ ಈಗಾಗಲೇ ಇರುವ ತುಕ್ಕು ಒಳಗೇ ಮುಚ್ಚಿಹೋಗುತ್ತದೆ, ಹಣ ನಿಮ್ಮದು ಹೋಗುತ್ತದೆ.

ನಾಲ್ಕನೇ ಹಂತ: ಡೆಲಿವರಿ ನೋಟ್

ಬರೆಸಿಕೊಂಡಿದ್ದ ಪಟ್ಟಿಯನ್ನು ಹಿಡಿದು ಒಂದೊಂದನ್ನೇ ಹೋಲಿಸಿ, ಆಗದೆ ಉಳಿದುದನ್ನು ಡೆಲಿವರಿ ನೋಟಿನ ಮೇಲೆಯೇ ಕೈಬರಹದಲ್ಲಿ ಬರೆದು, ಯಾವ ದಿನಾಂಕದೊಳಗೆ ಮಾಡಿಕೊಡುತ್ತಾರೆಂದು ನಮೂದಿಸಿ, ಅದರ ಕೆಳಗೆ ಇಬ್ಬರೂ ಸಹಿ ಹಾಕಬೇಕು. ಬರೆಯಲು ಬಿಡುವುದಿಲ್ಲ ಎಂದರೆ ಸಹಿ ಹಾಕದೆ ಎದ್ದು ಬನ್ನಿ. ‘ಸಿಸ್ಟಂನಲ್ಲಿ ಆಪ್ಷನ್ ಇಲ್ಲ’ ಎಂದರೆ ಆ ಶೋರೂಮಿನ ಕೌಂಟರಿನಲ್ಲಿ ಕುಳಿತೇ ಅವರ ಅಧಿಕೃತ ಇಮೇಲ್‌ಗೆ ಅದೇ ಪಟ್ಟಿಯನ್ನು ಫೋಟೊಗಳೊಡನೆ ಕಳುಹಿಸಿ, ‘ಇಮೇಲ್‌ನಲ್ಲಿರುವ ನ್ಯೂನತೆಗಳಿಗೆ ಒಳಪಟ್ಟು’ ಎಂದು ಸಹಿಯ ಪಕ್ಕ ಬರೆಯಬಹುದು. ಹೊರಡುವ ಮೊದಲು ವಾರಂಟಿ ಪುಸ್ತಕದ ಹೊರತುಪಡಿಸಿದ ಭಾಗಗಳ ಪುಟವನ್ನು ಓದಿರಿ. ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ಟೈರ್, ಬ್ಯಾಟರಿ, ಸಸ್ಪೆನ್ಷನ್ ಬುಷ್ ಸಾಮಾನ್ಯವಾಗಿ ಅಲ್ಲಿರುತ್ತವೆ, ಹಳೆಯ ಕಾರಿನಲ್ಲಿ ಮೊದಲು ಕೆಡುವುದೂ ಅವೇ. ಆರ್‌ಸಿ ವರ್ಗಾವಣೆಗೆ ಫಾರಂ 29 ಮತ್ತು 30 ಸಲ್ಲಿಕೆಯಾದ ರಸೀದಿ ಪಡೆದು, ವಿಮೆಯನ್ನು 14 ದಿನಗಳೊಳಗೆ ನಿಮ್ಮ ಹೆಸರಿಗೆ ಮಾಡಿಸಬೇಕು. ಹಿಂದಿನ ಮಾಲೀಕರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದುದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ.

ಈಗಾಗಲೇ ಮನೆಗೆ ತಂದಿದ್ದರೆ

ಮೇಷ್ಟರಂತೆ ಸಹಿ ಹಾಕಿ ಬಂದವರಿಗೂ ದಾರಿ ಮುಚ್ಚಿಲ್ಲ, ಆದರೆ ಮೊದಲ ಎರಡು ಮೂರು ದಿನ ಬಹಳ ಮುಖ್ಯ. ಹೊರಗಿನ ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಲು ಆತುರಪಡಬಾರದು, ಮಾಡಿಸಿದರೆ ವಾರಂಟಿ ಹೋಗುವುದರ ಜೊತೆಗೆ ಸಾಕ್ಷ್ಯವೂ ಹೋಗುತ್ತದೆ. ಕಂಪನಿಯ ಬೇರೊಂದು ಸರ್ವಿಸ್ ಸೆಂಟರಿನಲ್ಲಿ ಹಣ ಕೊಟ್ಟು ತಪಾಸಣೆ ಮಾಡಿಸಿ ಲಿಖಿತ ಅಂದಾಜು ಪಡೆದು, ಡೀಲರ್‌ಗೂ ಯೋಜನೆ ಕಂಪನಿಯದ್ದಾಗಿದ್ದರೆ ಕಂಪನಿಯ ಗ್ರಾಹಕ ವಿಭಾಗಕ್ಕೂ ಒಂದೇ ಇಮೇಲ್ ಕಳುಹಿಸಿ. ಅದರಲ್ಲಿ ಬೈಗುಳ ಬೇಡ. ತಪಾಸಣಾ ವರದಿಯಲ್ಲಿ ಏನಿತ್ತು, ಕಾರಿನಲ್ಲಿ ಏನಿದೆ, ನಿಮಗೆ ಬೇಕಿರುವುದು ರಿಪೇರಿಯೋ, ಬೆಲೆಯಲ್ಲಿ ಕಡಿತವೋ, ಹಣ ವಾಪಸೋ ಎಂಬ ಮೂರು ಸಂಗತಿ ಸಾಕು. ಬಣ್ಣ, ಟೈರಿನಂಥ ವಿಷಯಕ್ಕೆ ಹಣ ವಾಪಸು ಕೇಳುವುದು ವ್ಯರ್ಥ, ದುರಸ್ತಿ ಅಥವಾ ಕಡಿತ ಕೇಳಿದರೆ ಬೇಗ ಸಿಗುತ್ತದೆ. ನೆರೆಗೆ ಸಿಕ್ಕ ಕಾರು, ತಿರುಚಿದ ಓಡೋಮೀಟರ್, ಮರೆಮಾಚಿದ ದೊಡ್ಡ ಅಪಘಾತದ ವಿಷಯದಲ್ಲಿ ಮಾತ್ರ ರಿಪೇರಿಗೆ ಒಪ್ಪಬಾರದು.

ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ನೋಂದಾಯಿಸಿರಿ. ಬಹಳಷ್ಟು ಡೀಲರ್‌ಗಳು ಎಚ್ಚೆತ್ತುಕೊಳ್ಳುವುದು ಈ ಹಂತದಲ್ಲಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ತಕ್ಕ ಪರೀಕ್ಷೆ ನಡೆಸದೆ ವಸ್ತುವಿನ ಗುಣ, ಬಾಳಿಕೆಯ ಬಗ್ಗೆ ಭರವಸೆ ಕೊಡುವುದು 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಅನುಚಿತ ವ್ಯಾಪಾರ ಪದ್ಧತಿ ಎನಿಸುತ್ತದೆ, ಆದ್ದರಿಂದ ‘ಸರ್ಟಿಫೈಡ್’ ಎಂದು ಮುದ್ರಿಸಿದ ತಪಾಸಣಾ ವರದಿಯೇ ನಿಮ್ಮ ಮುಖ್ಯ ದಾಖಲೆ. ಕೊಟ್ಟ ಬೆಲೆ ಐದು ಲಕ್ಷದವರೆಗಿದ್ದರೆ ದೂರಿಗೆ ಶುಲ್ಕವಿಲ್ಲ, ಹತ್ತು ಲಕ್ಷದವರೆಗೆ 200 ರೂಪಾಯಿ. ತೊಂದರೆ ಉಂಟಾದ ದಿನದಿಂದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು, ವಕೀಲರು ಕಡ್ಡಾಯವಲ್ಲ. ಖರೀದಿದಾರರು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ದಾಖಲಿಸಲು ಕಾಯ್ದೆ ಅವಕಾಶ ಕೊಡುವುದರಿಂದ, ಬೆಂಗಳೂರಿನ ಡೀಲರ್‌ನಿಂದ ಕಾರು ಕೊಂಡ ಹಾಸನದವರು ಹಾಸನದ ಆಯೋಗಕ್ಕೇ ಹೋಗಬಹುದು. ಆಗ ವಿಚಾರಣೆಯ ದಿನ ಓಡಾಡಬೇಕಾಗುವುದು ಡೀಲರ್.