ಸ್ಟೀಲ್ ತಂತಿ ಬಿಚ್ಚಿ ಹಗ್ಗ ಕಟ್ಟಿದೆ, ಮಾಸ್ಟ್ ಬೀಳಲಿಲ್ಲ

ಮೊದಲು ದುಡ್ಡಿನ ವಿಷಯ. ನನ್ನ 26 ಅಡಿಯ ಹಳೇ ಫೈಬರ್ ಹಾಯಿದೋಣಿಗೆ ಮಾಸ್ಟ್ (ಹಾಯಿಕಂಬ) ಹಿಡಿದು ನಿಲ್ಲಿಸುವ ಹೊಸ ಸ್ಟೀಲ್ ತಂತಿ, ಅದನ್ನು ಬಿಗಿಯುವ ತಿರುಪು ಟರ್ನ್‌ಬಕಲ್ ಎಲ್ಲ ಹಾಕಲು ಕೇಳಿದ ರೇಟು ಒಂದೂಮುಕ್ಕಾಲು ಲಕ್ಷದ ಹತ್ತಿರ. ಡೈನೀಮಾ ಎಂಬ ಗಟ್ಟಿ ಪ್ಲಾಸ್ಟಿಕ್ ನೂಲಿನ ಹಗ್ಗದಲ್ಲಿ ನಾನೇ ಮಾಡಿಕೊಂಡದ್ದಕ್ಕೆ ಐವತ್ತೈದು ಸಾವಿರವೋ ಅರವತ್ತೋ ಆಯಿತು. ಅದರಲ್ಲೇ ಕಾಸರಗೋಡಿನಿಂದ ಲಕ್ಷದ್ವೀಪದ ಅಮಿನಿ ದ್ವೀಪಕ್ಕೆ ಹೋಗಿ ಬಂದೆ. ಒಂದು ಕಡೆಗೇ ಸುಮಾರು 160 ನಾಟಿಕಲ್ ಮೈಲಿ.

ಹಳೇ ತಂತಿಗೆ 316 (ಉಪ್ಪುನೀರು ತಡೆಯುವ ಸ್ಟೇನ್‌ಲೆಸ್ ಸ್ಟೀಲಿನ ದರ್ಜೆ) ಅಂತ ಬಿಲ್ ಕೊಟ್ಟಿದ್ದರು. ಎರಡು ಮಳೆಗಾಲ ಕಳೆಯುವಾಗ ಪ್ರೆಸ್ ಮಾಡಿದ ತುದಿಯಿಂದ ಕಂದು ನೀರು ಇಳಿಯತೊಡಗಿತು. ಉಗುರು ಹಾಕಿದರೆ ಒಂದು ಎಳೆ ಎದ್ದೇ ಬಂತು. ಕೇಳಲು ಹೋದರೆ ಅಂಗಡಿಯವರು ಮ್ಯಾಗ್ನೆಟ್ ಹಿಡಿದು ತೋರಿಸಿದರು, "ನೋಡಿ, ಅಂಟುವುದಿಲ್ಲ." ಅಗ್ಗದ ದರ್ಜೆ 304 ಕೂಡ ಎಷ್ಟೋ ಸಲ ಅಂಟುವುದಿಲ್ಲ ಅಲ್ವಾ! 316ರಲ್ಲಿ ತುಕ್ಕು ತಡೆಯುವ ಮಾಲಿಬ್ಡಿನಂ ಇದೆಯೋ ಇಲ್ಲವೋ ಅಂತ ಮ್ಯಾಗ್ನೆಟ್‌ಗೆ ಹೇಗೆ ಗೊತ್ತಾಗಬೇಕು?

ಹಗ್ಗ ಕಟ್ಟುತ್ತೇನೆ ಅಂದಾಗ ಕಾಸರಗೋಡಿನ ತಳಂಗರೆಯ ಹಿರಿಯ ಖಲಾಸಿಯೊಬ್ಬರು (ಹಡಗು ಕೆಲಸದವರು) ಮುಟ್ಟಿ ನೋಡಿ, "ಇದೆಂತ ಮಾರಾಯ್ರೇ, ಬಟ್ಟೆ ಒಣಗಿಸ್ಲಿಕ್ಕಾ?" ಅಂದರು. ಗೆಳೆಯರು 2018ರಲ್ಲಿ ಒಂಟಿಯಾಗಿ ಭೂಪ್ರದಕ್ಷಿಣೆ ಹೊರಟಿದ್ದ ನಾವಿಕ ಅಭಿಲಾಷ್ ಟೋಮಿಯವರ ‘ತುರಿಯಾ’ ಹಾಯಿದೋಣಿಯ ಮಾಸ್ಟ್ ಮುರಿದದ್ದನ್ನು ನೆನಪಿಸಿ ಹೆದರಿಸಿದರು. ಅದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿ, ಇಲ್ಲಿ ಫೆಬ್ರವರಿಯ ಅರಬ್ಬೀ ಸಮುದ್ರ.

5 ಎಂಎಂ ತಂತಿ ಇದ್ದ ಕಡೆ 7 ಎಂಎಂ ಹಗ್ಗ ಹಾಕಿದೆ. ಬಲಕ್ಕೆ ಅಷ್ಟು ದಪ್ಪ ಬೇಡ, ಆದರೆ ಭಾರ ಬಿದ್ದಾಗ ನಿಧಾನವಾಗಿ ಉದ್ದವಾಗುವ ಗುಣ ಇದೆಯಲ್ಲ, ಅದಕ್ಕೆ. ಗಂಟು ಹಾಕಿದರೆ ಅರ್ಧಕ್ಕಿಂತ ಜಾಸ್ತಿ ಬಲ ಹೋಗುತ್ತದೆ, ಹಾಗಾಗಿ ಎಲ್ಲ ಕಡೆ ಸ್ಪ್ಲೈಸ್, ಅಂದರೆ ಹಗ್ಗದ ತುದಿಯನ್ನು ಅದೇ ಹಗ್ಗದ ಒಳಕ್ಕೆ ಹೊಗಿಸುವುದು. ತುದಿಯನ್ನು ದಪ್ಪದ 72 ಪಟ್ಟು, ಅಂದರೆ ಅರ್ಧ ಮೀಟರ್, ಒಳಗೆ ಹೂತೆ. ತುದಿ ಚೂಪಾಗಿಸದೆ ಸುಮ್ನೆ ತುರುಕಿದರೆ ಅದು ಮುಗಿಯುವ ಜಾಗದಲ್ಲೇ ಹಗ್ಗ ಸೋಲುತ್ತದೆ.

ಎಳೆದು ಪಳಗಿಸುವುದೇ ದೊಡ್ಡ ಕೆಲಸ. ಚೈನ್ ಪುಲ್ಲಿಯನ್ನು ತೆಂಗಿನ ಮರಕ್ಕೆ ಕಟ್ಟಿದರೆ ಮರವೇ ಬಾಗಿ ಬಂತು. ಹಿತ್ತಲಿನ ಹಲಸಿನ ಮರ ಜಗ್ಗಲಿಲ್ಲ. ರಾತ್ರಿಯಿಡೀ ಎಳೆದಿಟ್ಟರೆ ಪ್ರತಿ ಶ್ರೌಡೂ (ಮಾಸ್ಟನ್ನು ಪಕ್ಕದಿಂದ ಹಿಡಿಯುವ ಹಗ್ಗ) ಒಂದು ಗೇಣು ಉದ್ದ! ಅಳತೆ ಏನಿದ್ದರೂ ಆಮೇಲೆ. ಮಾರ್ಕೆಟ್ಟಿನ ತೆಳು ತಗಡಿನ ತಿಂಬಲ್ (ಹಗ್ಗದ ಕುಣಿಕೆಯೊಳಗೆ ಕೂರಿಸುವ ಬಳೆ) ಈ ಎಳೆತಕ್ಕೆ ಚಪ್ಪಟೆಯಾಗಿ ಅಂಚು ನೂಲನ್ನು ಕೊಯ್ದಿತು. ಲೇತಿನವರ ಹತ್ತಿರ ಗಟ್ಟಿ ಅಲ್ಯುಮಿನಿಯಂನಲ್ಲಿ ಮಾಡಿಸಿದೆ. ಒಂದಕ್ಕೆ ಮುನ್ನೂರರ ಮೇಲೆ ಬಿತ್ತು.

ನಡುವೆ ಒಂದು ಹುಚ್ಚು. ಮರದ ದೋಣಿಗೆ ಗೇರು ಎಣ್ಣೆ ಬಳಿಯುತ್ತಾರಲ್ಲ, ಬಿಸಿಲಿಗೆ ತಡೆಯಾಗಲಿ ಅಂತ ಒಂದು ತುಂಡು ಹಗ್ಗಕ್ಕೂ ಬಳಿದೆ. ಹಗ್ಗ ಕೋಲಾಯಿತು, ನನ್ನ ಬೆರಳಲ್ಲಿ ಗುಳ್ಳೆ ಎದ್ದಿತು. ಈಗ ಬಟ್ಟೆಯ ತೋಳು ಹೊಲಿದು ತೊಡಿಸಿದ್ದೇನೆ.

ಟರ್ನ್‌ಬಕಲ್ ಬದಲು ಕೆಳಗೆ ಸಪೂರ ಹಗ್ಗ ಆರು ಸುತ್ತು. ಅದನ್ನು ಒಬ್ಬನೇ ಹೇಗೆ ಬಿಗಿಯುತ್ತೇನೆ, ಸುತ್ತು ಜಾರದಂತೆ ಏನು ಸವರುತ್ತೇನೆ ಎಂಬುದು ಮಾತ್ರ ನನ್ನಲ್ಲೇ ಇರಲಿ.

ಹೋಗುವಾಗ ವಾಯವ್ಯ ಗಾಳಿ, ಭಾರವೆಲ್ಲ ಬಲಗಡೆಯ ಶ್ರೌಡಿಗೆ. ಮೊದಲ ರಾತ್ರಿ ಎಡಗಡೆಯದು ತೂಗಾಡುತ್ತಿತ್ತು. ಬೆಳಿಗ್ಗೆ ಎರಡು ಬೆರಳಿನಷ್ಟು ಬಿಗಿದೆ. ವಾಪಸ್ ಬರುವವರೆಗೆ ಮತ್ತೆ ಮುಟ್ಟಬೇಕಾಗಲಿಲ್ಲ. ಮಾಸ್ಟನ್ನು ಮುಂದಿನಿಂದ ಹಿಡಿಯುವ ಫೋರ್‌ಸ್ಟೇ ಮಾತ್ರ ಈಗಲೂ ಸ್ಟೀಲೇ. ಮುಂದಿನ ಜಿಬ್ ಹಾಯಿಯ ಹಿತ್ತಾಳೆ ಕೊಂಡಿಗಳು ಉಜ್ಜುತ್ತಾ ಏರಿ ಇಳಿಯುವ ಕಡೆ ಹಗ್ಗ ಕಟ್ಟುವಷ್ಟು ಧೈರ್ಯ ನನಗಿಲ್ಲ.