14 ದಿನ ಎಂದು ತೋರಿಸಿದ ರೀಬಿಲ್ಡ್

ಬಾಗಲಕೋಟೆಯ ನವನಗರದಲ್ಲಿ ನಾನು ಒಂದು ಸಣ್ಣ ಫೋಟೊ ಸ್ಟುಡಿಯೊ ನಡೆಸುತ್ತೇನೆ. ಮದುವೆ, ಕುಬಸ, ಜಾವಳ, ಗೃಹಪ್ರವೇಶಗಳ ಚಿತ್ರ ಮತ್ತು ವಿಡಿಯೊಗಳನ್ನು ಆಲ್ಬಮ್ ಕೊಟ್ಟ ಕೂಡಲೇ ಅಳಿಸಿಬಿಡುವ ಧೈರ್ಯ ನನಗಿಲ್ಲ. ಎರಡು ವರ್ಷದ ಮೇಲೆ ಬಂದು ಇನ್ನೊಂದು ಪ್ರತಿ ಕೇಳುವವರು ಇದ್ದೇ ಇರುತ್ತಾರೆ. ಅದಕ್ಕಾಗಿಯೇ ಮನೆಯಲ್ಲಿ ಹಳೆಯ ಡೆಸ್ಕ್‌ಟಾಪ್ ಒಂದಕ್ಕೆ ಡೆಬಿಯನ್ ಲಿನಕ್ಸ್ ಹಾಕಿ, 4 ಟಿಬಿಯ ನಾಲ್ಕು ಹಾರ್ಡ್ ಡಿಸ್ಕ್‌ಗಳನ್ನು ಹಲವು ಡಿಸ್ಕ್‌ಗಳನ್ನು ಒಂದೇ ಗುಂಪಾಗಿ ಬಳಸುವ ರೇಡ್ 5 ವ್ಯವಸ್ಥೆಯಲ್ಲಿ ಜೋಡಿಸಿ ಸರ್ವರ್ ಮಾಡಿಕೊಂಡಿದ್ದೇನೆ. ಒಂದು ಡಿಸ್ಕಿನಷ್ಟು ಜಾಗ ಪ್ಯಾರಿಟಿಗೆ, ಅಂದರೆ ಕಳೆದ ಮಾಹಿತಿಯನ್ನು ಮರಳಿ ಲೆಕ್ಕ ಹಾಕಲು ಬೇಕಾದ ಹೆಚ್ಚುವರಿ ದಾಖಲೆಗೆ, ಹೋಗಿ, ಬಳಕೆಗೆ 12 ಟಿಬಿ ಉಳಿಯುತ್ತದೆ. ಮದುವೆಯ ವಿಡಿಯೊಗಳಿಗಿಂತ ಹೆಚ್ಚಾಗಿ ನನ್ನ ಜೀವ ಇರುವುದು ಅದರೊಳಗಿನ ಇನ್ನೊಂದು ಫೋಲ್ಡರಿನಲ್ಲಿ: ಆಲಮಟ್ಟಿಯ ಹಿನ್ನೀರಿಗೆ ಸೇರುವ ಮುಂಚಿನ ಹಳೆ ಬಾಗಲಕೋಟೆಯ ಓಣಿ, ಪೇಟೆ, ಅಂಗಡಿ ಸಾಲುಗಳನ್ನು ನಮ್ಮ ತಂದೆಯವರು ತೆಗೆದ ನೆಗೆಟಿವ್‌ಗಳ ಸ್ಕ್ಯಾನ್ ಪ್ರತಿಗಳು. ಮೂಲ ನೆಗೆಟಿವ್‌ಗಳಲ್ಲಿ ಅರ್ಧದಷ್ಟು ಈಗಾಗಲೇ ಬೂಷ್ಟು ಹಿಡಿದು ಹೋಗಿವೆ.

ಕಳೆದ ಏಪ್ರಿಲ್‌ನಲ್ಲಿ ಮೂರನೆಯ ಡಿಸ್ಕ್ ಕೈಕೊಟ್ಟಿತು. ಕೆಲವು ವಾರಗಳಿಂದ, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯ 5ನೆಯ ಅಂಶ, ಅಂದರೆ ಕೆಟ್ಟ ಸೆಕ್ಟರ್‌ಗಳ (ಮಾಹಿತಿ ಬರೆಯುವ ಸಣ್ಣ ಸಣ್ಣ ಜಾಗಗಳ) ಬದಲು ಬೇರೆ ಸೆಕ್ಟರ್ ಕೊಟ್ಟ ಲೆಕ್ಕ, ಏರುತ್ತಲೇ ಇತ್ತು. ಒಂದು ದಿನ ಲಿನಕ್ಸ್ ತಾನಾಗಿಯೇ ಅದನ್ನು ಗುಂಪಿನಿಂದ ಹೊರಗಿಟ್ಟಿತು. ರೇಡ್ 5ರಲ್ಲಿ ಒಂದು ಡಿಸ್ಕ್ ಹೋದರೂ ಮಾಹಿತಿ ಉಳಿಯುತ್ತದೆ, ಎರಡನೆಯದೂ ಹೋದರೆ ಎಲ್ಲವೂ ಹೋಗುತ್ತದೆ. ಆದ್ದರಿಂದ ಬೇರೇನನ್ನೂ ಮುಟ್ಟುವ ಮೊದಲು ತಂದೆಯವರ ಫೋಲ್ಡರನ್ನು, ಸುಮಾರು 300 ಜಿಬಿ, ಹೊರಗಿನ ಯುಎಸ್‌ಬಿ ಡಿಸ್ಕಿಗೆ ನಕಲು ಮಾಡಿದೆ. ಒಂದು ಗಂಟೆ ಹಿಡಿಯಿತು. ಈ ಪ್ರಕರಣದಲ್ಲಿ ನಾನು ಮೊದಲ ಸಲಕ್ಕೇ ಸರಿಯಾಗಿ ಮಾಡಿದ ಕೆಲಸ ಇದೊಂದೇ ಎಂದು ಈಗ ಅನ್ನಿಸುತ್ತದೆ.

ನಂತರ ಸರ್ವರ್ ಆರಿಸಿ, ಕೆಟ್ಟ ಡಿಸ್ಕನ್ನು ಬಿಚ್ಚಿ, ಹೊಸದನ್ನು ಕೂರಿಸಿ, ರೇಡ್ ನಿರ್ವಹಿಸುವ ಎಂಡಿಎಡಿಎಂ ಆದೇಶದಿಂದ ಗುಂಪಿಗೆ ಸೇರಿಸಿದೆ. ಉಳಿದ ಡಿಸ್ಕ್‌ಗಳಿಂದ ಲೆಕ್ಕ ಹಾಕಿ ಹೊಸದನ್ನು ತುಂಬುವ ಕೆಲಸ ಶುರುವಾಯಿತು; ಇದಕ್ಕೇ ರೀಬಿಲ್ಡ್ ಎನ್ನುತ್ತಾರೆ. ಆಗ ಸಂಜೆ ಏಳು ಗಂಟೆ. ಪ್ರಗತಿ ತೋರಿಸುವ ಎಂಡಿಸ್ಟ್ಯಾಟ್ ಕಡತವನ್ನು ತೆರೆದು ನೋಡಿದರೆ ವೇಗ ಸೆಕೆಂಡಿಗೆ ಸುಮಾರು 3,200 ಕೆಬಿ, ಮುಗಿಯಲು ಬೇಕಾದ ಸಮಯ 20,000 ನಿಮಿಷಕ್ಕೂ ಹೆಚ್ಚು ಎಂದಿತ್ತು. ಅಂದರೆ 14 ದಿನ. ನನ್ನ ಅಂದಾಜಿದ್ದದ್ದು ಒಂದು ರಾತ್ರಿ. ಸೆಕೆಂಡಿಗೆ 150 ಎಂಬಿ ವೇಗದಲ್ಲಿ ಬರೆಯಬಲ್ಲ 4 ಟಿಬಿ ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ತುಂಬಲು ಏಳೂವರೆ ಗಂಟೆ ಸಾಕು. ಡಿಸ್ಕಿನ ಒಳಗಿನ ಸುತ್ತುಗಳಿಗೆ ಬಂದಂತೆ ವೇಗ ಇಳಿಯುತ್ತದೆ ಎಂದು ಲೆಕ್ಕ ಹಿಡಿದರೂ ಹತ್ತು, ಹನ್ನೊಂದು ಗಂಟೆ ಆಗಬಹುದು. ಆ ಹದಿನಾಲ್ಕು ದಿನಗಳಲ್ಲಿ ಉಳಿದ ಮೂರು ಡಿಸ್ಕ್‌ಗಳ ಪೈಕಿ ಒಂದು ಕೆಟ್ಟರೂ ಮುಗಿಯಿತು. ಅವು ನಾಲ್ಕೂ ಒಂದೇ ದಿನ ಕೊಂಡವು, ಒಂದೇ ವಯಸ್ಸಿನವು.

ಮೊದಲ ಸಂಜೆ ನಾನು ಮಾಡಿದ್ದು ಬರೀ ಸೆಟ್ಟಿಂಗ್‌ಗಳ ಕಿವಿ ಹಿಂಡುವ ಕೆಲಸ. ರೀಬಿಲ್ಡ್ ವೇಗಕ್ಕೆ ಲಿನಕ್ಸ್ ಎರಡು ಮಿತಿಗಳನ್ನು ಇಟ್ಟಿರುತ್ತದೆ: ಸಾಮಾನ್ಯವಾಗಿ ಕನಿಷ್ಠ ಮಿತಿ ಸೆಕೆಂಡಿಗೆ 1,000 ಕೆಬಿ, ಗರಿಷ್ಠ ಮಿತಿ 2,00,000 ಕೆಬಿ. ಗರಿಷ್ಠ ಮಿತಿಯನ್ನು ಐದು ಲಕ್ಷಕ್ಕೆ ಏರಿಸಿದೆ. ಮೂರು ಸಾವಿರದಲ್ಲಿ ತೆವಳುತ್ತಿರುವುದಕ್ಕೆ ಎರಡು ಲಕ್ಷದ ಮಿತಿ ಅಡ್ಡಿಯಾಗಿರಲು ಸಾಧ್ಯವೇ ಇಲ್ಲ ಎಂಬುದು ಆ ಗಡಿಬಿಡಿಯಲ್ಲಿ ಹೊಳೆಯಲಿಲ್ಲ. ಆಮೇಲೆ ಸ್ಟ್ರೈಪ್ ಕ್ಯಾಶ್, ಅಂದರೆ ರೇಡ್ ಲೆಕ್ಕಕ್ಕೆ ಮೀಸಲಿಟ್ಟ ಮೆಮೊರಿಯ, ಗಾತ್ರವನ್ನು 256ರಿಂದ 4,096ಕ್ಕೆ ಏರಿಸಿದೆ. ಒಂದೊಂದು ಡಿಸ್ಕಿಗೆ ಅಷ್ಟೊಂದು ಪುಟಗಳು, ಪುಟಕ್ಕೆ 4 ಕೆಬಿ, ನಾಲ್ಕು ಡಿಸ್ಕ್ ಎಂದರೆ 64 ಎಂಬಿ ಮೆಮೊರಿ ಅದಕ್ಕೆ ಹೋಗುತ್ತದೆ. ಕೊಟ್ಟರಾಯಿತು ಎಂದು ಕೊಟ್ಟೆ. ವೇಗ ಅಲುಗಲಿಲ್ಲ.

ಹಾಗಾಗಿ ಸಂಶಯವೆಲ್ಲ ಹೊಸ ಡಿಸ್ಕಿನ ಮೇಲೆ ತಿರುಗಿತು. ಈಗಿನ ಕೆಲವು ಡಿಸ್ಕ್‌ಗಳು ಮನೆಯ ಹೆಂಚು ಹೊದಿಸಿದಂತೆ ಒಂದು ಟ್ರ್ಯಾಕಿನ ಅಂಚಿನ ಮೇಲೆ ಇನ್ನೊಂದನ್ನು ಬರೆಯುತ್ತವೆ; ಇದಕ್ಕೆ ಎಸ್‌ಎಂಆರ್ ಎನ್ನುತ್ತಾರೆ. ಅಂಥ ಡಿಸ್ಕಿನಲ್ಲಿ ಮಧ್ಯದ ಒಂದು ಭಾಗವನ್ನು ತಿದ್ದಬೇಕಾದರೆ ಪಕ್ಕದ ಟ್ರ್ಯಾಕುಗಳನ್ನೂ ಮತ್ತೆ ಬರೆಯಬೇಕಾಗುವುದರಿಂದ, ಸತತ ಬರವಣಿಗೆಯ ಹೊರೆ ಬಿದ್ದಾಗ ಅದು ಕುಸಿಯುತ್ತದೆ. ಸ್ಟೋರೇಜ್ ಸರ್ವರ್‌ಗಳಿಗೆಂದೇ ಮಾರುವ ಕೆಲವು ಡಿಸ್ಕ್‌ಗಳೂ ಈ ಬಗೆಯವು ಎಂಬುದು 2020ರಲ್ಲಿ ಬಯಲಾಗಿ ದೊಡ್ಡ ಗದ್ದಲವಾಗಿತ್ತು. ನಾನು ಕೊಂಡ ಮಾದರಿಯ ವಿವರಪತ್ರದಲ್ಲಿ ಅದು ಸಿಎಂಆರ್, ಅಂದರೆ ಹಳೆಯ ಪದ್ಧತಿಯದು, ಎಂದು ಸ್ಪಷ್ಟವಾಗಿಯೇ ಇತ್ತು. ಆದರೂ ಮರುದಿನ ಅದನ್ನು ಅಂಗಡಿಗೆ ಹಿಂದಿರುಗಿಸಲು ಬಿಲ್ ಹುಡುಕಿ ಇಟ್ಟುಕೊಂಡಿದ್ದೆ.

ಎರಡನೆಯ ದಿನ ಸಂಜೆ ಬೆಳಗಾವಿಯಲ್ಲಿರುವ ಗೆಳೆಯನಿಗೆ ಫೋನ್ ಮಾಡಿದೆ. ಅವನು ಸರ್ವರ್ ನಿರ್ವಹಣೆಯ ಕೆಲಸದಲ್ಲಿದ್ದಾನೆ, ನನಗಿಂತ ಹತ್ತು ವರ್ಷ ಚಿಕ್ಕವನು. ನಾನು ಏನೇನು ಬದಲಿಸಿದೆ ಎಂದು ಹೇಳಿ ಮುಗಿಸುವ ತನಕ ಸುಮ್ಮನಿದ್ದು, "ಅಣ್ಣಾರ, ಒಂದೊಂದ ಡಿಸ್ಕ್ ಬ್ಯಾರೆ ಬ್ಯಾರೆ ನೋಡೀರೇನು? ಅದನ್ನ ನೋಡದ ಎಲ್ಲಾ ತಿರುವ್ಯಾಡಾಕ ಹತ್ತೀರಿ" ಎಂದ. ನೋಡಿರಲಿಲ್ಲ. ಅವನು ಕೇಳಿದ ಎರಡನೆಯ ಪ್ರಶ್ನೆ, ಆ ಹೊತ್ತಿನಲ್ಲಿ ಸರ್ವರನ್ನು ಬೇರೆ ಯಾರು ಬಳಸುತ್ತಿದ್ದಾರೆ ಎಂಬುದು.

ಎರಡನೆಯದಕ್ಕೆ ಉತ್ತರ ಸುಲಭವಾಗಿತ್ತು, ನಾಚಿಕೆಯದೂ ಆಗಿತ್ತು. ಮನೆಯ ನಾಲ್ಕು ಫೋನುಗಳು ತಮ್ಮ ಚಿತ್ರಗಳನ್ನು ತಾವೇ ಸರ್ವರಿಗೆ ಕಳುಹಿಸುತ್ತಿದ್ದವು. ಮುಖ ಗುರುತಿಸಿ ಫೋಟೊ ವಿಂಗಡಿಸುವ ತಂತ್ರಾಂಶವೊಂದು ಹಳೆಯ ಮದುವೆಗಳ ಸಾವಿರಾರು ಚಿತ್ರಗಳನ್ನು ಒಂದೊಂದಾಗಿ ತೆರೆದು ನೋಡುತ್ತ ಕುಳಿತಿತ್ತು. ಡಿಸ್ಕ್‌ಗಳ ಮೇಲೆ ಬೇರೆ ಕೆಲಸ ಕಂಡಾಗ ಲಿನಕ್ಸ್ ರೀಬಿಲ್ಡನ್ನು ಹಿಂದಕ್ಕೆ ಸರಿಸಿ, ಮೇಲೆ ಹೇಳಿದ ಕನಿಷ್ಠ ಮಿತಿಯ ಕಡೆಗೆ ಇಳಿಸುತ್ತದೆ. ಮನೆಗೆ ಬಂದವರಿಗೆ ಮೊದಲು ಊಟ, ಮನೆಯವರದು ಆಮೇಲೆ ಎಂಬ ನಮ್ಮ ಕಡೆಯ ಪದ್ಧತಿಯೇ ಅದು. ಕನಿಷ್ಠ ಮಿತಿಯನ್ನು 50,000ಕ್ಕೆ ಏರಿಸಿದ್ದರೆ ಬಂದವರು ಕಾಯುತ್ತಿದ್ದರು, ರೀಬಿಲ್ಡ್ ಓಡುತ್ತಿತ್ತು. ಆದರೆ ಡಿಸ್ಕಿನ ಮುಳ್ಳು ಎರಡು ಕೆಲಸಗಳ ನಡುವೆ ಅತ್ತಿಂದಿತ್ತ ಓಡಾಡುವುದು ತಪ್ಪುತ್ತಿರಲಿಲ್ಲ. ನಾನು ಆ ಸೇವೆಗಳನ್ನೆಲ್ಲ ನಿಲ್ಲಿಸಿ, ಯಾರೂ ಮುಟ್ಟದಂತೆ ಕಡತ ವ್ಯವಸ್ಥೆಯನ್ನೇ ಅನ್‌ಮೌಂಟ್ ಮಾಡಿದೆ. ವೇಗ 24 ಎಂಬಿಗೆ ಏರಿತು. ಬಾಕಿ ಸಮಯ ಎರಡು ದಿನದೊಳಕ್ಕೆ ಬಂತು.

ಎಂಟು ಪಟ್ಟು ಹೆಚ್ಚಿದ ಖುಷಿಯಲ್ಲಿ ಆ ರಾತ್ರಿ ಅಷ್ಟಕ್ಕೇ ಬಿಟ್ಟು ಮಲಗಿದೆ. ಅದೂ ತಪ್ಪೇ. 150 ಬರಬೇಕಾದಲ್ಲಿ 24 ಬಂದರೆ ಕಾರಣ ಇನ್ನೂ ಅಲ್ಲೇ ಇದೆ ಎಂದರ್ಥ.

ಮೂರನೆಯ ದಿನ ಬೆಳಿಗ್ಗೆ ಗೆಳೆಯ ಹೇಳಿದಂತೆ ಐಒಸ್ಟ್ಯಾಟ್ ಓಡಿಸಿದೆ. ಅದು ಪ್ರತಿ ಡಿಸ್ಕಿಗೆ ಒಂದೊಂದು ಸಾಲು ಕೊಡುತ್ತದೆ. ಅದರಲ್ಲಿ ನೋಡಬೇಕಾದದ್ದು ಎರಡೇ ಕಾಲಮ್: ಡಿಸ್ಕ್ ಶೇಕಡಾ ಎಷ್ಟು ಹೊತ್ತು ಕೆಲಸದಲ್ಲಿ ಮಗ್ನವಾಗಿದೆ, ಮತ್ತು ಒಂದು ಕೋರಿಕೆಗೆ ಉತ್ತರ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯುತ್ತಿದೆ. ಒಂದನೆಯ ಮತ್ತು ಎರಡನೆಯ ಡಿಸ್ಕ್‌ಗಳು ಶೇ. 20ರ ಆಸುಪಾಸಿನಲ್ಲಿ ಆರಾಮವಾಗಿದ್ದವು, ಐದಾರು ಮಿಲಿಸೆಕೆಂಡಿಗೆ ಉತ್ತರಿಸುತ್ತಿದ್ದವು. ಎರಡು ದಿನ ನಾನು ಬೈದುಕೊಂಡಿದ್ದ ಹೊಸ ಡಿಸ್ಕ್ ಅವಕ್ಕಿಂತಲೂ ಬಿಡುವಾಗಿತ್ತು. ನಾಲ್ಕನೆಯದು ಮಾತ್ರ ಶೇ. 99ರಲ್ಲಿ ಏದುಸಿರು ಬಿಡುತ್ತಿತ್ತು. ಒಂದು ಓದಿಗೆ ಅದಕ್ಕೆ 400 ಮಿಲಿಸೆಕೆಂಡ್ ಬೇಕಾಗುತ್ತಿತ್ತು. ರೇಡ್ 5ರಲ್ಲಿ ಹೊಸ ಡಿಸ್ಕಿಗೆ ಬರೆಯಬೇಕಾದ ಪ್ರತಿ ತುಣುಕನ್ನೂ ಉಳಿದ ಮೂರರಿಂದ ಒಂದೊಂದು ತುಣುಕು ಓದಿ, ಎಕ್ಸ್‌ಓಆರ್ ಎಂಬ ಬಿಟ್ ಲೆಕ್ಕದಲ್ಲಿ ಕೂಡಿಸಿ ಹುಟ್ಟಿಸಬೇಕು. ಎರಡು ತುಣುಕು ಬಂದು ಮೂರನೆಯದಕ್ಕೆ ಕಾಯುತ್ತಿದ್ದರೆ ಯಾರೂ ಮುಂದೆ ಹೋಗುವಂತಿಲ್ಲ. ಜೋಡೆತ್ತಿನಲ್ಲಿ ಒಂದು ಕುಂಟಿದರೆ ಬಂಡಿ ಅದರ ನಡಿಗೆಯಲ್ಲೇ ಸಾಗಬೇಕಲ್ಲವೇ.

ಖಚಿತಪಡಿಸಿಕೊಳ್ಳಲು ರೀಬಿಲ್ಡನ್ನು ಸ್ವಲ್ಪ ಹೊತ್ತು ತಡೆಹಿಡಿದು, ಎಚ್‌ಡಿಪಾರ್ಮ್‌ನಿಂದ ಒಂದೊಂದೇ ಡಿಸ್ಕಿನ ಓದುವ ವೇಗ ಅಳೆದೆ. ಒಂದನೆಯದು 165 ಎಂಬಿ, ಎರಡನೆಯದು 160, ಹೊಸದು 180, ನಾಲ್ಕನೆಯದು 21.

ಆ ಡಿಸ್ಕೂ ಸಾಯುತ್ತಿದೆ ಎಂದುಕೊಂಡು ಎದೆ ಧಸಕ್ಕೆಂದಿತು. ಆದರೆ ಅದರ ಸ್ಮಾರ್ಟ್ ವರದಿಯಲ್ಲಿ ಕೆಟ್ಟ ಸೆಕ್ಟರ್‌ಗಳ ಸುಳಿವೇ ಇರಲಿಲ್ಲ. ಏರಿದ್ದು 199ನೆಯ ಅಂಶ, ಸಿಆರ್‌ಸಿ ದೋಷಗಳ ಲೆಕ್ಕ. ಹತ್ತು ನಿಮಿಷ ಬಿಟ್ಟು ನೋಡಿದರೆ ಇನ್ನೂ ಏರಿತ್ತು. ಈ ಅಂಶ ಡಿಸ್ಕಿನೊಳಗಿನ ತಟ್ಟೆಯ ಆರೋಗ್ಯವನ್ನು ಹೇಳುವುದಿಲ್ಲ, ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವಿನ ದಾರಿಯಲ್ಲಿ ಮಾಹಿತಿ ಕೆಡುತ್ತಿದೆ ಎನ್ನುತ್ತದೆ. ಲಿನಕ್ಸಿನ ತಿರುಳಾದ ಕರ್ನಲ್‌ನ ದಾಖಲೆಯಲ್ಲಿ ಅದೇ ಪೋರ್ಟಿನ ಲಿಂಕನ್ನು ಮತ್ತೆ ಮತ್ತೆ ರೀಸೆಟ್ ಮಾಡಿದ ಸಾಲುಗಳಿದ್ದವು, ಕೊನೆಗೆ ವೇಗವನ್ನು 6 ಗಿಗಾಬಿಟ್‌ನಿಂದ 1.5 ಗಿಗಾಬಿಟ್‌ಗೆ ಇಳಿಸಿದ್ದೇನೆ ಎಂಬ ಸೂಚನೆಯೂ ಇತ್ತು. ಇಲ್ಲಿ ಒಂದು ಸೂಕ್ಷ್ಮವಿದೆ. ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಪದ್ಧತಿಯಲ್ಲಿ ಒಂದು ಬೈಟಿಗೆ ಹತ್ತು ಬಿಟ್ ಖರ್ಚಾಗುವುದರಿಂದ 1.5 ಗಿಗಾಬಿಟ್ ಎಂದರೂ ಸೆಕೆಂಡಿಗೆ 150 ಎಂಬಿ ಸಾಗಬಲ್ಲದು. ಆದ್ದರಿಂದ 21ಕ್ಕೆ ಬೀಳಲು ಲಿಂಕ್ ಇಳಿದದ್ದು ಕಾರಣವಲ್ಲ, ಅದು ಬರೀ ಲಕ್ಷಣ. ಸಮಯ ತಿನ್ನುತ್ತಿದ್ದದ್ದು ಕೆಟ್ಟ ತುಣುಕುಗಳನ್ನು ಮರಳಿ ಕಳುಹಿಸುವುದು ಮತ್ತು ರೀಸೆಟ್ ಆದಾಗಲೆಲ್ಲ ಎಲ್ಲವೂ ನಿಂತು ಕಾಯುವುದು.

ತಪ್ಪು ಯಾರದು ಎಂದು ಈಗ ತಿಳಿಯಿತು. ಕೆಟ್ಟ ಮೂರನೆಯ ಡಿಸ್ಕನ್ನು ಎಳೆಯುವಾಗ ಪಕ್ಕದ ನಾಲ್ಕನೆಯದರ ಕೇಬಲಿಗೆ ನನ್ನ ಕೈ ತಾಗಿತ್ತು. ಕ್ಲಿಪ್ ಇಲ್ಲದ ಹಳೆಯ ಕೆಂಪು ಸಾಟಾ ಕೇಬಲ್ ಅದು. ಹೊರಗಿನಿಂದ ಕೂತಂತೆಯೇ ಕಾಣುತ್ತಿತ್ತು.

ಕೇಬಲ್ ಬದಲಿಸುವುದು ಒಂದು ನಿಮಿಷದ ಕೆಲಸ, ಆದರೆ ಒಂದು ಡಿಸ್ಕ್ ಕೊರತೆಯಿರುವ ಗುಂಪಿನಲ್ಲಿ ಓಡುತ್ತಿರುವಾಗಲೇ ಇನ್ನೊಂದರ ಕೇಬಲ್ ಕಿತ್ತರೆ ಇಡೀ ಗುಂಪು ಬಿದ್ದುಹೋಗುತ್ತದೆ. ಆರಿಸಿದರೆ ಈವರೆಗೆ ಆದ ಶೇ. 28ರಷ್ಟು ಕೆಲಸ ವ್ಯರ್ಥವಾಗಿ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆಯೇ ಎಂಬ ಭಯವೂ ಇತ್ತು. ಹಾಗೆ ಆಗುವುದಿಲ್ಲ: ಲಿನಕ್ಸ್ ರೇಡ್ ತನ್ನ ವಿವರಗಳನ್ನು ಡಿಸ್ಕಿನಲ್ಲಿ ಬರೆದಿಡುವ ಎಂಡಿ ಸೂಪರ್‌ಬ್ಲಾಕ್‌ನ ಈಗಿನ 1.x ಆವೃತ್ತಿಗಳು ರೀಬಿಲ್ಡ್ ಎಲ್ಲಿಯವರೆಗೆ ಬಂದಿದೆ ಎಂಬುದನ್ನು ಹೊಸ ಡಿಸ್ಕಿನ ಮೇಲೆಯೇ ಬರೆದಿಟ್ಟುಕೊಳ್ಳುತ್ತವೆ, ಕ್ರಮವಾಗಿ ನಿಲ್ಲಿಸಿದರೆ ಅಲ್ಲಿಂದಲೇ ಮುಂದುವರಿಸುತ್ತವೆ. ಗುಂಪನ್ನು ನಿಲ್ಲಿಸಿ, ಯಂತ್ರ ಆರಿಸಿ, ನಾಲ್ಕಕ್ಕೂ ಕ್ಲಿಪ್ ಇರುವ ಹೊಸ ಕೇಬಲ್ ಹಾಕಿದೆ. ಪೆಟ್ಟಿಗೆ ತೆರೆದಾಗ ಫ್ಯಾನಿನ ಜಾಲರಿಗೆ ಕಪ್ಪು ಮಣ್ಣಿನ ಧೂಳು ಕಂಬಳಿಯಂತೆ ಮೆತ್ತಿತ್ತು. ಡಿಸ್ಕ್‌ಗಳ ಉಷ್ಣತೆ 52 ಡಿಗ್ರಿ ತೋರಿಸುತ್ತಿದ್ದುದು ಬರೀ ಏಪ್ರಿಲ್ ಬಿಸಿಲಿನಿಂದಲ್ಲ. ಧೂಳು ತೆಗೆದು, ಪಕ್ಕದ ಫಲಕ ಮುಚ್ಚದೆ ಟೇಬಲ್ ಫ್ಯಾನ್ ಇಟ್ಟ ಮೇಲೆ 44ಕ್ಕೆ ಇಳಿಯಿತು. ಇದಕ್ಕೂ ವೇಗಕ್ಕೂ ಸಂಬಂಧವಿರಲಿಲ್ಲ.

ಮತ್ತೆ ಚಾಲೂ ಮಾಡಿದಾಗ ಲಿಂಕ್ 6 ಗಿಗಾಬಿಟ್‌ಗೆ ಬಂತು, ರೀಬಿಲ್ಡ್ ಶೇ. 28ರಿಂದಲೇ ಮುಂದುವರಿಯಿತು. ವೇಗ 118 ಎಂಬಿ. "ಆ ಡಬ್ಬಿ ಇನ್ನೂ ಎಷ್ಟ್ ದಿವ್ಸ ಹಿಂಗ ಗುಂಯ್‌ಗುಡತೈತ್ರಿ?" ಎಂದು ಕೇಳಿದ ಮನೆಯಾಕೆಗೆ ಸಂಜೆಯೊಳಗೆ ಮುಗಿಯುತ್ತದೆ ಎಂದು ಮೊದಲ ಬಾರಿಗೆ ಧೈರ್ಯವಾಗಿ ಹೇಳಿದೆ. ಮಧ್ಯಾಹ್ನ ಎರಡು ಸಲ ಕರೆಂಟ್ ಹೋಯಿತು; ಮನೆಯ ಇನ್ವರ್ಟರ್ ಬದಲಾಗುವ ಆ ಒಂದು ಕ್ಷಣವನ್ನು ದಾಟಿಸಲು ಸಣ್ಣ ಯುಪಿಎಸ್ ಇದ್ದುದರಿಂದ ತೊಂದರೆಯಾಗಲಿಲ್ಲ.

ಶೇ. 80ರ ಸುಮಾರಿಗೆ ಎಲ್ಲವೂ ಒಂದು ನಿಮಿಷ ಗಕ್ಕನೆ ನಿಂತಿತು. ಒಂದನೆಯ ಡಿಸ್ಕಿನ 197ನೆಯ ಅಂಶದಲ್ಲಿ, ಅಂದರೆ ಓದಲಾಗದೆ ತೀರ್ಮಾನ ಬಾಕಿಯಿರುವ ಸೆಕ್ಟರ್‌ಗಳ ಲೆಕ್ಕದಲ್ಲಿ, 8 ಎಂದು ಇತ್ತು. ನವನಗರದವರಿಗೆ ಸೆಕ್ಟರ್ ಎಂಬ ಪದ ಹೊಸದಲ್ಲ, ನಮ್ಮ ವಿಳಾಸವೇ ಸೆಕ್ಟರ್ ಸಂಖ್ಯೆಯಲ್ಲಿದೆ; ಆದರೆ ಈ ಎಂಟು ಸೆಕ್ಟರ್‌ಗಳು ಆ ಹೊತ್ತಿನಲ್ಲಿ ಇಡೀ ಊರಿಗಿಂತ ದೊಡ್ಡವಾಗಿ ಕಂಡವು. ಅದು ಮಾಮೂಲಿ ಡೆಸ್ಕ್‌ಟಾಪ್ ಡಿಸ್ಕ್. ಸರ್ವರ್ ದರ್ಜೆಯವಕ್ಕೆ ಏಳು ಸೆಕೆಂಡ್ ಪ್ರಯತ್ನಿಸಿ ಸೋತೆನೆಂದು ಹೇಳು ಎಂದು ವಿಧಿಸಬಹುದು. ಇದು ಆ ಮಾತು ಕೇಳದು, ಒಂದೇ ಸೆಕ್ಟರನ್ನು ನಿಮಿಷಗಟ್ಟಲೆ ಜಗ್ಗುತ್ತಿರುತ್ತದೆ. ಕರ್ನಲ್ ಮಾತ್ರ ರೂಢಿಯಂತೆ 30 ಸೆಕೆಂಡಿಗೇ ತಾಳ್ಮೆಗೆಟ್ಟು ಲಿಂಕ್ ರೀಸೆಟ್ ಮಾಡಿ, ಕೊನೆಗೆ ಡಿಸ್ಕನ್ನೇ ಹೊರಗೆ ಹಾಕಿಬಿಡಬಹುದು. ಕೇಬಲ್ ಹಾಕಿದ ಬಳಿಕ ಗೆಳೆಯನ ಸಲಹೆಯಂತೆ ಆ ಡಿಸ್ಕಿಗಾಗಿ ಕರ್ನಲ್ ಕಾಯುವ ಅವಧಿಯನ್ನು 180 ಸೆಕೆಂಡಿಗೆ ಏರಿಸಿದ್ದೆ. ಡಿಸ್ಕ್ ಜಗ್ಗಿ ಜಗ್ಗಿ ಕೊನೆಗೂ ಓದಿತು, ರೀಬಿಲ್ಡ್ ಮುಂದೆ ಸರಿಯಿತು. ಡೆಬಿಯನ್ ತಿಂಗಳಿಗೊಮ್ಮೆ ತಾನೇ ನಡೆಸುವ ಪೂರ್ಣ ತಪಾಸಣೆಯನ್ನು ಸದ್ದಾಗುತ್ತದೆಂದು ನಾನೇ ನಿಲ್ಲಿಸಿದ್ದೆ. ಅದು ನಡೆಯುತ್ತಿದ್ದರೆ ನಾಲ್ಕೂ ಡಿಸ್ಕ್ ನೆಟ್ಟಗಿದ್ದಾಗಲೇ ಆ ಸೆಕ್ಟರ್‌ಗಳು ಸಿಕ್ಕು, ಪ್ಯಾರಿಟಿಯಿಂದ ತಿದ್ದಿ ಬರೆಯಲ್ಪಡುತ್ತಿದ್ದವು.

ಕೊನೆಯ ಭಾಗದಲ್ಲಿ ವೇಗ 70 ಎಂಬಿಗೆ ಇಳಿಯಿತು. ಒಳಗಿನ ಸುತ್ತುಗಳಲ್ಲಿ ಅದು ಸಹಜ. ಕೇಬಲ್ ಹಾಕಿದ ಒಂಬತ್ತು ಗಂಟೆಗಳ ಬಳಿಕ ರೀಬಿಲ್ಡ್ ಮುಗಿಯಿತು. ಮರುದಿನ ತಪಾಸಣೆ ನಡೆಸಿದಾಗ ಹೊಂದಿಕೆಯಾಗದ ತುಣುಕುಗಳ ಲೆಕ್ಕ ಸೊನ್ನೆ. ಮಾಸಿಕ ತಪಾಸಣೆಯನ್ನು ಮತ್ತೆ ಚಾಲೂ ಮಾಡಿದ್ದೇನೆ. ಒಂದನೆಯ ಡಿಸ್ಕನ್ನು ಎರಡು ವಾರದ ಮೇಲೆ ಬದಲಿಸಿದೆ, ಈ ಸಲ ಮೊದಲೇ ಕಿತ್ತು ಹಾಕದೆ: ಖಾಲಿ ಪೋರ್ಟಿಗೆ ಹೊಸದನ್ನು ಜೋಡಿಸಿ ಎಂಡಿಎಡಿಎಂನ ರಿಪ್ಲೇಸ್ ಆಯ್ಕೆ ಬಳಸಿದರೆ, ಹಳೆಯದು ಗುಂಪಿನಲ್ಲಿ ಇರುವಾಗಲೇ ಅದರ ನಕಲು ಹೊಸದಕ್ಕೆ ಇಳಿಯುತ್ತದೆ, ಗುಂಪು ಒಂದು ಕ್ಷಣವೂ ಕೊರತೆಗೆ ಬೀಳುವುದಿಲ್ಲ. ಆ ನಾಲ್ಕು ಹಳೆಯ ಕೆಂಪು ಕೇಬಲ್‌ಗಳನ್ನು ಕತ್ತರಿಯಿಂದ ಎರಡು ತುಂಡು ಮಾಡಿ ಕಸಕ್ಕೆ ಹಾಕಿದೆ. ಇಲ್ಲವಾದರೆ ಡ್ರಾಯರಿನಲ್ಲಿ ಉಳಿದು, ಮುಂದೊಂದು ದಿನ ಅವಸರದಲ್ಲಿ ನನ್ನ ಕೈಗೇ ಮತ್ತೆ ಸಿಗುತ್ತಿದ್ದವು.